ಸೋಲೇ ಇಲ್ಲದ ತಂಡ

ನಮ್ಮ ಬಳಗದಲ್ಲಿ ಯಾರಾದರೂ ತೀರಿಕೊಂಡರೆ ಊರೂರಿಗೆ ಫೋನು ಮಾಡುವ ಕೆಲಸ ನಮ್ಮ ಮಾವನವರದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ನಂಬರುಗಳೂ ಅವರ ಬಾಯಲ್ಲೇ ಇದ್ದವು. ಆದರೆ ಸತ್ತರು ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ಸ್ವಲ್ಪ ಆರಾಮಿಲ್ಲ" ಎಂದರೆ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರ್ಥ. "ಭಾಳ ಆರಾಮಿಲ್ಲ, ಉಂಡು ಬರ್ರಿ" ಎಂದರೆ ಮುಗಿಯಿತು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಂದವರು ಹಸಿದು ಕೂರಬಾರದು, ಅದಕ್ಕೇ ಉಂಡು ಬರಬೇಕು. ಆ ಕಡೆ ಫೋನು ಹಿಡಿದವರಿಗೂ ಇದು ಗೊತ್ತಿರುತ್ತದೆ. ಅವರು ಏನನ್ನೂ ಕೇಳದೆ ಫೋನಿಟ್ಟು, ಎರಡು ತುತ್ತು ತಿಂದು ಬಸ್ಸು ಹತ್ತುತ್ತಾರೆ.

ನನಗೆ ಈ ಸುತ್ತುಬಳಸಿನ ಮಾತು ಮೊದಲಿನಿಂದಲೂ ಕಿರಿಕಿರಿ. ಕಡ್ಡಿ ಮುರಿದಂತೆ ಮಾತಾಡುತ್ತೇನೆಂದು ತವರಿನಲ್ಲೇ ಸಾಕಷ್ಟು ಬೈಸಿಕೊಂಡವಳು ನಾನು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ನೌಕರಿ. ಆಗದ ಕೆಲಸವನ್ನು ಆಗುವುದಿಲ್ಲ ಎಂದು ಕಿಟಕಿಯಲ್ಲೇ ಹೇಳಿ ಕಳಿಸುತ್ತೇನೆ, ನಾಳೆ ಬನ್ನಿ ಎಂದು ಅಲೆಸುವುದಿಲ್ಲ. ಅಂಥವಳ ಬಾಯಿಂದಲೇ ಒಂದಿಡೀ ವರ್ಷ ಸುಳ್ಳು ಹೇಳಿಸಿದ್ದು ಬೊಲಿವಿಯಾ ದೇಶದ ಫುಟ್‌ಬಾಲು ಮತ್ತು ನಮ್ಮ ಅತ್ತೆ.

ಮಾವ ಮಂಡಿಯಲ್ಲಿ ದಲ್ಲಾಳಿ. ಮೆಕ್ಕೆಜೋಳ, ಶೇಂಗಾದ ವ್ಯಾಪಾರ. ಆ ವರ್ಷದ ಆರಂಭದಲ್ಲಿ ಅವರಿಗೆ ಎದೆನೋವು ಬಂದು ದಾವಣಗೆರೆಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಮಂಡಿಗೆ ಹೋಗುವಂತಿಲ್ಲ, ರೇಟಿನ ಫೋನು ಮುಟ್ಟುವಂತಿಲ್ಲ, ಟೀವಿಯಲ್ಲಿ ರಾಜಕೀಯದ ಜಗಳ ನೋಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಜೀವಮಾನವೆಲ್ಲ ಹರಾಜಿನ ಸವಾಲಿನ ಕೂಗಿನಲ್ಲೇ ಕಳೆದ ಮನುಷ್ಯ ಮನೆಯ ಪಡಸಾಲೆಯಲ್ಲಿ ಕೂತು ಏನು ಮಾಡಬೇಕು? ನಸುಕಿನಲ್ಲೇ ಎಚ್ಚರವಾಗುತ್ತಿತ್ತು. ಮೊಬೈಲು ಒತ್ತುತ್ತ ಒತ್ತುತ್ತ ಒಂದು ದಿನ ಆ ಹೊತ್ತಿನಲ್ಲಿ ಜಗತ್ತಿನಲ್ಲಿ ನೇರವಾಗಿ ನಡೆಯುತ್ತಿದ್ದ ಒಂದು ಆಟ ಅವರ ಕಣ್ಣಿಗೆ ಬಿತ್ತು. ನಮಗೆ ಬೆಳಗಾಗುವಾಗ ಅಲ್ಲಿ ಹಿಂದಿನ ದಿನದ ರಾತ್ರಿಯಂತೆ.

ಆಟಕ್ಕೆ ಮುಂಚೆ ಆ ಊರನ್ನು ತೋರಿಸಿದರು. ಎತ್ತರದ ಗುಡ್ಡದ ಮೇಲಿನ ಊರು, ಮೈದಾನದ ಹಿಂದೆ ಮರವಿಲ್ಲದ ಕೆಂಪು ಗುಡ್ಡಗಳು. ಮಾವ ಹುಟ್ಟಿದ್ದು ಗುಡೇಕೋಟೆಯಲ್ಲಿ. ಅಡುಗೆಮನೆಯಲ್ಲಿದ್ದ ನನ್ನನ್ನು ಕರೆದು, ನಮ್ಮೂರ ಗುಡ್ಡ ನೋಡು, ಕುರಿ ಒಂದು ಇಲ್ಲ ಅಷ್ಟೇ ಎಂದರು. ಆಮೇಲೆ ಅವರ ಗಮನ ಹೊರಗಿನಿಂದ ಬಂದ ತಂಡದ ಕಡೆ ಹೋಯಿತು. ಕೆಳಗಿನ ಬಯಲು ನಾಡಿನವರು, ಅಷ್ಟು ಎತ್ತರದ ಗಾಳಿ ಅವರಿಗೆ ಸಾಲದು. ಸ್ವಲ್ಪ ಓಡಿ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದರು. ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಬಂದ ಒಬ್ಬನ ಮೂಗಿಗೆ ಆಕ್ಸಿಜನ್ ಮಾಸ್ಕು ಹಿಡಿದರು. ಆಸ್ಪತ್ರೆಯಲ್ಲಿ ಅಂಥದೇ ಮಾಸ್ಕು ಹಾಕಿಸಿಕೊಂಡು ಮಲಗಿದ್ದ ಮಾವ ಮೊಬೈಲನ್ನು ಕಣ್ಣಿನ ಹತ್ತಿರ ತಂದರು. "ಪಾಪ, ದಮ್ಮು ಹತ್ತೇತಿ ಅವನಿಗೆ" ಎಂದರು. ಅಂದಿನಿಂದ ಆ ಬಯಲಿನವರದೇ ಅವರ ತಂಡವಾಯಿತು.

ತಂಡವೇನೋ ಸಿಕ್ಕಿತು, ಆದರೆ ಅದು ಸೋಲುವ ತಂಡ. ಆ ಲೀಗಿನಲ್ಲಿ ವರ್ಷದ ಕೊನೆಗೆ ಎಲ್ಲರಿಗಿಂತ ಕೆಳಗಿದ್ದವರನ್ನು ಕೆಳಗಿನ ದರ್ಜೆಗೆ ತಳ್ಳುತ್ತಾರೆ. ಇವರು ಶುರುವಿನಿಂದಲೂ ಆ ಅಂಚಿನಲ್ಲೇ ತೂಗಾಡುತ್ತಿದ್ದರು. ಬಿಸಿಲು ಏರತೊಡಗಿದ್ದ ದಿನಗಳಲ್ಲಿ ಒಂದು ಬೆಳಗ್ಗೆ, ಆಟ ಮುಗಿಯುವ ಹೊತ್ತಿಗೆ ಎದುರಾಳಿಗಳು ಇವರ ಮೇಲೆ ಗೋಲು ಹೊಡೆದರು. ಮಾವ ಎದೆ ಹಿಡಿದುಕೊಂಡು ಬೆವರಿದರು. ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ಬೆನ್ನು ತಿಕ್ಕಿ, ಅವರ ಮುಖಕ್ಕೆ ಬಣ್ಣ ಬರುವವರೆಗೆ ಅತ್ತೆಗೆ ಜೀವದಲ್ಲಿ ಜೀವ ಇರಲಿಲ್ಲ. ನನಗೂ ಅಷ್ಟೇ. ಇನ್ನೊಮ್ಮೆ ಹೀಗಾದರೆ ಕಷ್ಟ ಎಂದು ಡಾಕ್ಟರು ಫೋನಿನಲ್ಲೇ ಗದರಿದರು.

ಅತ್ತೆ ಅಂದೇ ಮಾವನ ಮೊಬೈಲು ಕಸಿದು ಅಕ್ಕಿ ಡಬ್ಬಿಯ ಹಿಂದೆ ಇಟ್ಟರು. ಮಾವ ಮಗುವಿನಂತೆ ಹಟ ಹಿಡಿದರು, ಊಟ ಬಿಟ್ಟರು. ಕೊನೆಗೆ ಒಂದು ಒಪ್ಪಂದವಾಯಿತು. ಮಾವ ಆಟ ನೋಡುವಂತಿಲ್ಲ, ನಾನು ಅಡುಗೆಮನೆಯಲ್ಲಿ ನಾಷ್ಟಾ ಮಾಡುತ್ತ ನನ್ನ ಮೊಬೈಲಿನಲ್ಲಿ ಸದ್ದಿಲ್ಲದೆ ನೋಡಿ ಏನಾಯಿತೆಂದು ಹೇಳಬೇಕು. ಮಾವ ಸ್ನಾನಕ್ಕೆ ಹೋದಾಗ ಅತ್ತೆ ಈ ಒಪ್ಪಂದಕ್ಕೆ ತಮ್ಮದೊಂದು ಸಾಲು ಸೇರಿಸಿದರು.

"ಸೋತರ ಸೋತರು ಅನಬ್ಯಾಡ ಯವ್ವಾ. ಸಮ ಆತು ಅಂದುಬಿಡು."

ನನ್ನ ಗಂಡನದು ಪರವೂರಿನ ಕೆಲಸ, ವಾರಕ್ಕೊಮ್ಮೆ ಬರುವವರು. ಅವರಿಗೆ ಹೇಳಿದರೆ ಅವ್ವ ಹೇಳಿದಂತೆ ಮಾಡು ಎಂದು ಕೈತೊಳೆದುಕೊಂಡರು. ನನಗೆ ಮೈ ಉರಿಯಿತು. ಆದರೆ ಬೆವರಿದ ಆ ಮುಖವನ್ನು ನಾನೂ ನೋಡಿದ್ದೆ. ಅದಕ್ಕಾಗಿ ಬಾಯಿ ಮುಚ್ಚಿಕೊಂಡೆ.

ಹೀಗೆ ಶುರುವಾಯಿತು. ಒಗ್ಗರಣೆಗೆ ಸಾಸಿವೆ ಹಾಕುತ್ತ ಒಂದು ಕಣ್ಣು ಬೊಲಿವಿಯಾದ ಮೇಲೆ. ಗೆದ್ದರೂ, ನಿಜಕ್ಕೂ ಸಮವಾದರೂ ಸೌಟು ಹಿಡಿದೇ ಪಡಸಾಲೆಯ ಬಾಗಿಲಿಗೆ ಹೋಗಿ ಹೇಳಿಬಿಡುತ್ತಿದ್ದೆ. ಸೋತರೆ ಮಾತ್ರ ಒಲೆಯ ಮುಂದೆಯೇ ನಿಲ್ಲುತ್ತಿದ್ದೆ. ಸುಳ್ಳನ್ನು ಹೊಂದಿಸಿಕೊಳ್ಳುವಷ್ಟು ಹೊತ್ತು ಬೇಕಲ್ಲ, ಉಪ್ಪಿಟ್ಟನ್ನೋ ಒಗ್ಗರಣೆ ಮಂಡಕ್ಕಿಯನ್ನೋ ಮುಂದಿಟ್ಟು, ಅವರು ತಿಂದು ನೀರು ಕುಡಿದ ಮೇಲೆ ತಟ್ಟೆ ಎತ್ತುತ್ತ, "ಸಮ ಆತ್ರಿ ಮಾವಾರ" ಎನ್ನುತ್ತಿದ್ದೆ. ಮಾವ ಹೂಂ ಎಂದು ಬಾಯಿ ಒರೆಸಿಕೊಳ್ಳುತ್ತಿದ್ದರು. ಎಷ್ಟು ಗೋಲು ಎಂದೂ ಕೇಳುತ್ತಿರಲಿಲ್ಲ.

ಸುಳ್ಳಿಗೂ ಲೆಕ್ಕ ಇರುತ್ತದೆ ಎಂದು ಆಮೇಲೆ ತಿಳಿಯಿತು. ಸಮ ಆದರೆ ತಂಡಕ್ಕೆ ಒಂದು ಅಂಕ. ಮಾವ ಮಂಡಿಯ ಮನುಷ್ಯ, ಬಾಯಲ್ಲೇ ಗುಣಾಕಾರ ಮಾಡುವವರು. ನಾನು ಕೊಟ್ಟ ಸುಳ್ಳು ಅಂಕಗಳನ್ನೆಲ್ಲ ಕೂಡಿಸಿ, ಮಳೆಗಾಲದ ಹೊತ್ತಿಗೆ ತಂಡ ನಡುಮಧ್ಯ ಬಂದು ಕೂತಿದೆ, ಇನ್ನು ಭಯವಿಲ್ಲ ಎಂದರು. ನಿಜವಾಗಿ ಅದು ತಳದಲ್ಲಿತ್ತು. ಅಲ್ಲಿಯ ಜನ ಮೈದಾನದ ಜಾಲರಿಗೆ ಜೋತುಬಿದ್ದು ಅಳುವುದನ್ನು ನಾನು ಒಲೆಯ ಮುಂದೆ ನಿಂತು ನೋಡುತ್ತಿದ್ದೆ. ಪಡಸಾಲೆಯಲ್ಲೊಂದು ಲೀಗು, ಅಡುಗೆಮನೆಯಲ್ಲೊಂದು ಲೀಗು. ಕಚೇರಿಯಲ್ಲಿ ಸೀಲು ಒತ್ತುವಾಗಲೂ, ಕೆಳಗೆ ಬಿದ್ದ ದಿನ ಇವರಿಗೆ ಏನೆಂದು ಹೇಳುವುದು ಎಂಬುದೇ ತಲೆ ತಿನ್ನುತ್ತಿತ್ತು. ಅಲ್ಲಿ ಗಲಾಟೆಯಾಗಿ ಆಟವೇ ನಿಂತುಹೋಯಿತು ಅಂದುಬಿಡು ಎಂದರು ಅತ್ತೆ. ಅತ್ತೆಗೆ ಎಲ್ಲವೂ ಸಲೀಸು.

ವರ್ಷದ ಕೊನೆಗೆ ಮಾವನಿಗೆ ಮತ್ತೆ ಉಸಿರು ಕಟ್ಟತೊಡಗಿತು. ರೈಲು ನಿಲ್ದಾಣದವರೆಗೆ ನಡೆಯುತ್ತಿದ್ದವರು ಓಣಿಯ ತಿರುವಿನಲ್ಲೇ ಕಟ್ಟೆ ನೋಡಿ ಕೂರುತ್ತಿದ್ದರು. ದಾವಣಗೆರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದೆವು. ವರದಿ ನೋಡಿ ಹೇಳುತ್ತೇವೆ, ಸೋಮವಾರ ಬನ್ನಿ ಎಂದರು. ಆ ಸೋಮವಾರ ನಸುಕಿನಲ್ಲೇ ಆ ತಂಡದ ಕೊನೆಯ ಆಟ. ಮೊದಲ ದಿನ ನೋಡಿದ ಆ ಕೆಂಪು ಗುಡ್ಡದ ಊರಿನಲ್ಲೇ. ಸೋಲದೆ ಉಳಿದರೆ ಸಾಕು, ದರ್ಜೆ ಉಳಿಯುತ್ತಿತ್ತು. ನನ್ನ ಸುಳ್ಳು ಸಮವನ್ನು ಅವರು ಇದೊಂದು ದಿನ ನಿಜ ಮಾಡಿಕೊಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅತ್ತೆಗೆ ಮಂಡಿನೋವು, ಬರಲಾಗಲಿಲ್ಲ. ಗಂಡ ಆಸ್ಪತ್ರೆಗೆ ನೇರ ಬರುವವರಿದ್ದರು, ರಜೆ ಸಿಗಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾವಿಬ್ಬರೇ ರೈಲು ಹತ್ತಿದೆವು. ಹತ್ತಿಸುವಾಗ ಅತ್ತೆ ನನ್ನ ಕೈ ಹಿಡಿದು, ಡಾಕ್ಟರು ಏನೇ ಅಂದರೂ ಇವರ ಮುಂದೆ ಚಲೋ ಐತಿ ಅಂತಲೇ ಹೇಳು ಎಂದು ಕಿವಿಯಲ್ಲಿ ಹೇಳಿದರು.

ಮಾವ ಕಿಟಕಿಯ ಬಳಿ, ನಾನು ಎದುರಿಗೆ. ಮೊಬೈಲಿನ ಬೆನ್ನು ಅವರ ಕಡೆ. ಕೊಟ್ಟೂರು ಬರುವ ಹೊತ್ತಿಗೆ ಎರಡೂ ಕಡೆ ಗೋಲಿಲ್ಲ, ಆಟ ಕೊನೆಯ ಭಾಗಕ್ಕೆ ಬಂದಿತ್ತು. ಬಯಲಿನವರು ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು. ಒಬ್ಬ ಮೊಣಕಾಲೂರಿ ಕೂತೇಬಿಟ್ಟ, ಇನ್ನೊಬ್ಬ ಅವನನ್ನು ಎತ್ತಿ ನಿಲ್ಲಿಸಿದ. ಮಾವ ಹೊರಗೆ ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಖವನ್ನು ಕಲ್ಲು ಮಾಡಿಕೊಂಡೆ.

ಕೊಟ್ಟೂರು ದಾಟಿ ಬಯಲು ಬಿದ್ದೊಡನೆ ಸಿಗ್ನಲು ಹೋಯಿತು. ಚಿತ್ರ ನಿಂತಿತು, ಒಬ್ಬ ಆಟಗಾರ ಕಾಲೆತ್ತಿದವನು ಎತ್ತಿಕೊಂಡೇ ಉಳಿದ. ಮೊಬೈಲನ್ನು ಕಿಟಕಿಗೆ ಹಿಡಿದೆ, ಮೇಲಕ್ಕೆ ಹಿಡಿದೆ, ಬಾಗಿಲವರೆಗೆ ಹೋಗಿ ಬಂದೆ. ಅಕ್ಕಪಕ್ಕದ ಪ್ರಯಾಣಿಕರು ಏನು ವಿಷಯವೋ ಎಂದು ಮಾತು ನಿಲ್ಲಿಸಿದರು. ಹರಪನಹಳ್ಳಿ ಹತ್ತಿರವಾದಾಗ ಚಿತ್ರ ಜಿಗಿದು ಬಂತು. ಆಟ ಮುಗಿದಿತ್ತು. ಕೆಂಪು ಗುಡ್ಡದವರು ಕುಣಿಯುತ್ತಿದ್ದರು. ಬಯಲಿನವರು ಹುಲ್ಲಿನ ಮೇಲೆ ಅಲ್ಲಲ್ಲಿ ಬಿದ್ದಿದ್ದರು, ಒಬ್ಬರನ್ನೊಬ್ಬರು ಎತ್ತಲು ಯಾರಿಗೂ ಶಕ್ತಿ ಉಳಿದಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಒಂದು ಗೋಲು ಬಿದ್ದಿತ್ತು.

ಎಲ್ಲೋ ಇರುವ ಯಾರದೋ ತಂಡಕ್ಕೆ ನನ್ನ ಕಣ್ಣು ತುಂಬಬೇಕೇ? ತುಂಬಿದವು. ಮೊಬೈಲನ್ನು ಚೀಲಕ್ಕೆ ಹಾಕಿ ಬುತ್ತಿಯ ಗಂಟು ಬಿಚ್ಚಿದೆ. ಆಸ್ಪತ್ರೆಯಲ್ಲಿ ಹೊತ್ತಾಗುತ್ತದೆ, ಒಂದು ರೊಟ್ಟಿ ತಿಂದುಬಿಡಿ ಎಂದೆ.

ಮಾವ ರೊಟ್ಟಿಗೆ ಕೈಚಾಚಲಿಲ್ಲ. "ಹಂಗಾರ ಹೋತು" ಎಂದರು.

ಇಲ್ಲ ಮಾವಾರ, ಸಮ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ನಿಜವಾದ ಸಮ ಇದ್ದ ದಿನ ನೀನು ಬಾಗಿಲಾಗ ನಿಂತೇ ಹೇಳ್ತಿದ್ದಿ. ಸೋತ ದಿನ ಉಣಿಸಿ ಹೇಳ್ತಿದ್ದಿ. ಊರಿಗೆಲ್ಲ ಉಂಡು ಬರ್ರಿ ಅಂತ ಫೋನ್ ಮಾಡಿದಾವ ನಾನು. ನನಗ ತಿಳಿಯಂಗಿಲ್ಲೇನವ್ವಾ?"

ಹಾಗಾದರೆ ನಡುಮಧ್ಯ ಬಂದು ಕೂತಿದೆ ಎಂದು ಲೆಕ್ಕ ಒಪ್ಪಿಸಿದ್ದು? ಅದನ್ನೂ ಕೇಳಿದೆ, ದನಿ ಜೋರಾಗಿಯೇ ಬಂತು. ನೀವಿಬ್ಬರೂ ಅಷ್ಟು ಹೆದರಿದ್ದಿರಿ, ನಾನು ನಂಬಿದ್ದರೆ ನಿಮಗೆ ನೆಮ್ಮದಿ ಅನ್ನಿಸಿತು ಎಂದರು ಮಾವ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ವರ್ಷವೆಲ್ಲ ನಾನು ಒಲೆಯ ಮುಂದೆ ಬೆಂದದ್ದು ಯಾವ ಪುರುಷಾರ್ಥಕ್ಕೆ? ಅವರನ್ನು ನಾವು ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು. ಅವರು ನಮ್ಮನ್ನು ಕಾಯುತ್ತಿದ್ದರು.

ಹರಪನಹಳ್ಳಿ ಬಂತು, ಜನ ಇಳಿದರು, ಹತ್ತಿದರು. ರೈಲು ಹೊರಟ ಮೇಲೆ ಮಾವ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು.

"ಇವತ್ತ ಡಾಕ್ಟರ್ ಮೊದಲ ನಿನ್ನ ಕರೀತಾರ. ಹೊರಗ ಬಂದು ನನ್ನ ಮುಂದ ಬುತ್ತಿ ಬಿಚ್ಚಬ್ಯಾಡ ತಾಯಿ. ನಿಂತು ಹೇಳು."

ಬುತ್ತಿಯನ್ನು ಮತ್ತೆ ಗಂಟು ಕಟ್ಟಿದೆ.

ಅವರು ಹೇಳಿದಂತೆಯೇ ಆಯಿತು. ಡಾಕ್ಟರು ನನ್ನನ್ನಷ್ಟೇ ಒಳಗೆ ಕರೆದರು. ಹಾಕಿದ ಸ್ಟೆಂಟು ಕಟ್ಟಿಕೊಂಡಿದೆ, ಬೇರೆ ನಾಳಗಳೂ ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು. ಹೃದಯ ದುರ್ಬಲವಾಗಿದೆ, ಮಾಡಿದರೂ ಗ್ಯಾರಂಟಿ ಕೊಡಲಾರೆ, ಮಾಡದಿದ್ದರೆ ಹೆಚ್ಚು ದಿನ ತಡೆಯುವುದಿಲ್ಲ. ಅವರಿಗೆ ಈಗಲೇ ಎಲ್ಲ ಹೇಳಬೇಡಿ, ನಿಧಾನಕ್ಕೆ ಹೇಳಿ ಎಂದೂ ಸೇರಿಸಿದರು. ಓದಿದವರೂ ಅತ್ತೆಯ ಮಾತನ್ನೇ ಆಡಿದರು.

ಬಾಗಿಲು ದೂಡಿ ಹೊರಬಂದೆ. ಮಾವ ಗೋಡೆಗಂಟಿದ ಬೆಂಚಿನ ಮೇಲೆ ಕೂತಿದ್ದರು, ಬುತ್ತಿಯ ಚೀಲ ತೊಡೆಯ ಮೇಲೆ, ಎರಡೂ ಕೈ ಚೀಲದ ಮೇಲೆ. ಕಚೇರಿಯ ಕಿಟಕಿಯಲ್ಲಿ ಯಾರ್ಯಾರಿಗೋ ಮುಖಕ್ಕೆ ಹೊಡೆದಂತೆ ಹೇಳಿದ ನಾಲಿಗೆ ಅವತ್ತು ಅಂಗುಳಕ್ಕೆ ಅಂಟಿಕೊಂಡಿತ್ತು. ಈ ಬಳಗದವರು ಯಾಕೆ ಸುತ್ತಿ ಬಳಸಿ ಹೇಳುತ್ತಾರೆಂದು ಆಗ ಗೊತ್ತಾಯಿತು. ಅವರ ಪಕ್ಕದಲ್ಲಿ ಕೂತುಬಿಡಬೇಕೆಂದು ಕಾಲು ಎಳೆಯಿತು. ಕೂರಲಿಲ್ಲ.

"ಎದಿ ತೆಗೆದು ಆಪರೇಷನ್ ಮಾಡಬೇಕಂತ್ರಿ ಮಾವಾರ. ಮಾಡಿದರೂ ಖಾತ್ರಿ ಇಲ್ಲ ಅಂದ್ರು. ಮಾಡದಿದ್ರ ಭಾಳ ದಿನ ಇಲ್ಲಂತ."

ಅವರು ನೆಲ ನೋಡಿದರು. ಎದೆ ಹಿಡಿದುಕೊಳ್ಳುತ್ತಾರೇನೋ ಎಂದು ನಾನು ಮಾತ್ರೆ ಕೈಗೆ ತೆಗೆದುಕೊಂಡೆ. ಹಿಡಿದುಕೊಳ್ಳಲಿಲ್ಲ. ಮಾಡಿಸೋಣ ಎಂದು ತಲೆಯಾಡಿಸಿದರು. ಚೀಲದಿಂದ ಬುತ್ತಿ ತೆಗೆದು ತಾವೇ ಗಂಟು ಬಿಚ್ಚಿ, ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇಬ್ಬರೂ ಉಂಡೆವು. ಆ ಚಟ್ನಿಯ ಖಾರ ನನಗೆ ಇವತ್ತಿಗೂ ನೆನಪಿದೆ.

ಅಷ್ಟರಲ್ಲಿ ನನ್ನ ಮೊಬೈಲು ರಿಂಗಾಯಿತು. ಅತ್ತೆ. ಮಾವ ಕೈ ಒರೆಸಿಕೊಂಡು, ಕೊಡು ನಾನೇ ಹೇಳುತ್ತೇನೆ ಎಂದು ಇಸಿದುಕೊಂಡರು. ಏನಂದರು, ಏನಂದರು ಎಂದು ಅತ್ತೆ ಕೇಳುವುದು ನನಗೂ ಕೇಳುತ್ತಿತ್ತು. ಮಾವ ನನ್ನ ಮುಖ ನೋಡಿದರು. ಆಮೇಲೆ ಬಹಳ ಮೆತ್ತಗೆ, "ನೀನು ಉಂಡಿಯೇನು?" ಎಂದರು.

ಆ ಕಡೆಯಿಂದ ಅತ್ತೆಯ ದನಿ ಬಂತು, ನಾನು ಯಾವತ್ತೂ ಕೇಳದಿದ್ದ ದನಿ.

"ಉಂಡಿಲ್ಲ. ಉಣ್ಣಂಗೂ ಇಲ್ಲ. ಮೊದಲ ಹೇಳ್ರಿ."

ಮಾವ ಬೆಂಚು ಹಿಡಿದು ಎದ್ದು ನಿಂತರು. ನಿಂತು ಹೇಳಿದರು.