ಜಲ್ಲಿ ದಾರಿಯಲ್ಲಿ ನರ್ಸಮ್ಮನ ಸೈಕಲ್ಲು

ದಿಬ್ಬೂರಹಳ್ಳಿ ಕಡೆಯ ಒಂದು ಆರೋಗ್ಯ ಉಪಕೇಂದ್ರಕ್ಕೆ ನನ್ನನ್ನು ನರ್ಸ್ ಆಗಿ ಹಾಕಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಗೌರಿಬಿದನೂರಿನಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಬೆಳೆದವಳು. ಅಲ್ಲಿ ನಾನು ಓಡಾಡಿದ್ದೆಲ್ಲ ಸಮನೆಲ. ಇಲ್ಲಿ ನನ್ನ ಪಾಲಿಗೆ ಬಂದ ಏಳು ಹಳ್ಳಿಗಳಲ್ಲಿ ಒಂದು ಗುಡ್ಡದ ಬುಡದಲ್ಲಿತ್ತು, ಒಂದು ಬಂಡೆಯ ಹಿಂದಿತ್ತು, ಇನ್ನೊಂದಕ್ಕೆ ಕೆರೆ ಏರಿ ದಾಟಿ ಹೋಗಬೇಕಿತ್ತು. ಬಸ್ಸು ದೊಡ್ಡ ರಸ್ತೆಯಲ್ಲಿ ದಿನಕ್ಕೆ ಎರಡು ಸಲ ಬಂದು ಹೋಗುತ್ತಿತ್ತು. ಒಳಗಿನ ಊರುಗಳಿಗೆ ನಡಿಗೆಯೇ ಗತಿ. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಮೂರನೆಯ ಊರು ಮುಟ್ಟುವಷ್ಟರಲ್ಲಿ ಐಸ್ ಕರಗಿ ನೀರಾಗಿರುತ್ತಿತ್ತು. ಬಿಸಿಲಿಗೆ ಕೆಟ್ಟ ಲಸಿಕೆ ಹಾಕುವ ಹಾಗಿಲ್ಲ. ಮಕ್ಕಳನ್ನು ಎತ್ತಿಕೊಂಡು ಕಾದು ಕೂತ ತಾಯಂದಿರಿಗೆ ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಬರುವಾಗ ಅಳು ಬಂದ ಹಾಗಾಗುತ್ತಿತ್ತು.

ಸೈಕಲ್ ಕಲಿ ಅಂತ ಹೇಳಿದವರು ಬಸ್ ನಿಲ್ಲುವ ಜಾಗದಲ್ಲಿ ಸೈಕಲ್ ಶಾಪ್ ಇಟ್ಟಿದ್ದ ವಯಸ್ಸಾದ ಸಾಬರು. ಅವರ ಸೊಸೆಯ ಹೆರಿಗೆ ಮಾಡಿಸಿದ್ದೆ, ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದೆ. ಹಳೆಯ ಸಾಮಾನುಗಳನ್ನೆಲ್ಲ ಜೋಡಿಸಿ ನನಗೊಂದು ಲೇಡೀಸ್ ಸೈಕಲ್ ಮಾಡಿಕೊಟ್ಟರು. ನೀರಿಲ್ಲದ ಕೆರೆಯಂಗಳದಲ್ಲಿ ಹದಿನೈದು ದಿನ ಬಿದ್ದೆ, ಎದ್ದೆ. ಕೆರೆ ಏರಿಯ ಮೇಲೆ ಹೆಂಗಸರು ಸಾಲಾಗಿ ಕೂತು, "ಅಯ್ಯೋ, ನರ್ಸಮ್ಮ ಮತ್ತೆ ಬಿದ್ಲು ಕಣೇ!" ಅಂತ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಮಂಡಿ ಉರಿಯುತ್ತಿತ್ತು.

"ಜಲ್ಲಿ ಮೇಲೆ ಹೋಗುವಾಗ ಕಲ್ಲು ನೋಡಬೇಡ ಬೇಟಿ," ಅಂದರು ಚಾಚಾ. "ಕಲ್ಲು ನೋಡಿದ್ರೆ ಚಕ್ರ ಕಲ್ಲಿಗೇ ಹೋಗ್ತದೆ. ಹತ್ತು ಮಾರು ಮುಂದೆ ನೋಡು. ಇಳಿಜಾರಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡ."

ಒಂದು ವರ್ಷದಲ್ಲಿ ಏಳೂ ಊರಿನ ದಾರಿಗಳು ನನ್ನ ಕೈಕಾಲಿಗೆ ಗೊತ್ತಾದವು. ಗಾಡಿ ಜಾಡಿನ ನಡುವಿನ ಹುಲ್ಲುಪಟ್ಟಿ ಎಲ್ಲಿ ಗಟ್ಟಿ, ಕೆಂಪು ಗರಸು ಮಣ್ಣು ಯಾವ ತಿರುವಿನಲ್ಲಿ ಜಾರುತ್ತದೆ, ಯಾವ ಏರಿನಲ್ಲಿ ಇಳಿದು ತಳ್ಳಬೇಕು, ಎಲ್ಲ. ಹಿಪ್ಪುನೇರಳೆ ತೋಟಗಳ ಪಕ್ಕದ ಕಾಲುದಾರಿ ತಂಪಾಗಿರುತ್ತಿತ್ತು. ಬಂಡೆಗಳ ನಡುವಿನ ಇಳಿಜಾರಿನಲ್ಲಿ ಗಾಳಿ ಸೆರಗನ್ನು ಎಳೆಯುತ್ತಿತ್ತು. ಐಸ್ ಕರಗುವ ಮೊದಲೇ ನಾಲ್ಕು ಊರು ಮುಗಿಸುತ್ತಿದ್ದೆ. ನನ್ನ ಬಗ್ಗೆ ನನಗೇ ಸ್ವಲ್ಪ ಜಂಬ ಬಂದಿತ್ತು.

ಆ ಹೊತ್ತಿಗೆ ಎರಡು ಊರುಗಳ ನಡುವಿನ ಗುಡ್ಡದ ದಾರಿಗೆ ಜಲ್ಲಿ ಹಾಕುವ ಕೆಲಸ ಶುರುವಾಯಿತು. ಹುಣಸೆ ಮರಗಳ ಕೆಳಗೆ ಐದಾರು ಗುಡಾರ ಬಿದ್ದವು. ತೆಲುಗು ಮಾತಾಡುವ ಜನ. ಗಂಡಸರು ದೊಡ್ಡ ಕಲ್ಲು ಸೀಳಿದರೆ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಸಣ್ಣ ಸುತ್ತಿಗೆಯಿಂದ ಜಲ್ಲಿ ಒಡೆಯುತ್ತಿದ್ದರು. ನನ್ನ ಒಳ್ಳೆಯ ದಾರಿ ಹಾಳಾಗಿತ್ತು. ಒಂದು ದಿನ ಹಿಂದಿನ ಚಕ್ರ ಪಂಕ್ಚರ್ ಆಗಿ, ಸೈಕಲ್ ತಳ್ಳಿಕೊಂಡು ಬರುತ್ತಾ ಅವರ ಮೇಲೆ ರೇಗಿದೆ. "ಏನ್ರಮ್ಮ, ಒಂದು ಸೈಕಲ್ ಹೋಗೋವಷ್ಟು ಜಾಗ ಬಿಡೋಕಾಗಲ್ವಾ ನಿಮಗೆ?" ಒಬ್ಬಳು ಎದ್ದು ಬುಟ್ಟಿಯನ್ನು ಪಕ್ಕಕ್ಕೆ ಎಳೆದಳು. ಅವಳ ಮುಖ ನಾನು ನೋಡಲಿಲ್ಲ. ಆಮೇಲೂ ಎರಡು ತಿಂಗಳು ವಾರಕ್ಕೆ ಮೂರು ಸಲ ಅವರ ಮುಂದೆ ಬೆಲ್ ಹೊಡೆದುಕೊಂಡು ಹೋಗುತ್ತಿದ್ದೆ.

ಯುಗಾದಿ ಕಳೆದು ಕೆಲವು ದಿನಗಳಾಗಿತ್ತು. ಬೆಳಿಗ್ಗೆ ಏಳೂವರೆಗೆ ಆ ದಾರಿಯಲ್ಲಿ ಬರುತ್ತಿದ್ದಾಗ ಒಬ್ಬ ಮುದುಕಿ ಸೈಕಲ್ಲಿಗೆ ಅಡ್ಡ ಓಡಿ ಬಂದಳು. "ಕೊಂಚೆಂ ರಾಮ್ಮಾ! ಸ್ವಲ್ಪ ಬಾಮ್ಮಾ, ನಮ್ಮ ಸೊಸೆ ನೋಡಮ್ಮಾ!"

ಗುಡಾರದೊಳಗೆ ಇಪ್ಪತ್ತರ ಹುಡುಗಿ, ಚೊಚ್ಚಲ ಬಸುರಿ. ಹಿಂದಿನ ರಾತ್ರಿಯಿಂದ ನೋವು ತಿನ್ನುತ್ತಿದ್ದಳು. ಮುಟ್ಟಿ ನೋಡಿದೆ. ಮಗುವಿನ ತಲೆ ಮೇಲಿತ್ತು, ಕಾಲು ಕೆಳಗಿತ್ತು. ನನ್ನ ಕೈಯಲ್ಲಿ ಆಗುವ ಹೆರಿಗೆಯಲ್ಲ ಅದು. ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗಲೇಬೇಕು. ದೊಡ್ಡ ರಸ್ತೆ ಎರಡು ಮೈಲಿ ಕೆಳಗೆ. ಲಾರಿ ಕಲ್ಲು ತರಲು ಹೋಗಿತ್ತು, ಎತ್ತಿನ ಗಾಡಿ ಇರಲಿಲ್ಲ. ಇದ್ದದ್ದು ನನ್ನ ಸೈಕಲ್ಲು.

ಕ್ಯಾರಿಯರ್ ಮೇಲೆ ಕೌದಿ ಮಡಚಿ ಕಟ್ಟಿ ಅವಳನ್ನು ಅಡ್ಡಲಾಗಿ ಕೂರಿಸಿದೆವು. ಅವಳ ಅತ್ತೆ ಒಂದು ಕಡೆ, ಗಂಡ ಇನ್ನೊಂದು ಕಡೆ ಹಿಡಿದುಕೊಂಡರು. ನಾನು ಹ್ಯಾಂಡಲ್ ಹಿಡಿದು ಹತ್ತಿರದ ಇಳಿಜಾರಿಗೆ ತಿರುಗಿಸಿದೆ. ಹುಡುಗಿ ನನ್ನ ರಟ್ಟೆ ಹಿಡಿದುಕೊಂಡಳು.

"ಆ ಕಡೆ ಬೇಡಮ್ಮಾ. ಕೆಳಗೆ ನಿನ್ನೆ ದಪ್ಪ ಜಲ್ಲಿ ಹರಡಿದೀವಿ. ಮಣ್ಣು ಹಾಕಿಲ್ಲ, ರೋಲರ್ ಬಂದಿಲ್ಲ. ಚಕ್ರ ಹೂತ್ಕೊಳ್ತದೆ. ಬಂಡೆ ಪಕ್ಕದಲ್ಲಿ ಹೋಗಣ."

ನಿನ್ನೆ ಸಂಜೆವರೆಗೂ ಆ ಜಲ್ಲಿಯನ್ನು ಬುಟ್ಟಿಯಲ್ಲಿ ಹೊತ್ತು ಸುರಿದವಳು ಅವಳೇ. ಅವಳು ಹೇಳಿದ ಹಾಗೆ ಬಂಡೆಯ ಅಂಚಿನ ಕುರಿದಾರಿ ಹಿಡಿದೆವು. ನೋವು ಬಂದಾಗ ನಿಲ್ಲುತ್ತಿದ್ದೆವು, ಅವಳು ನನ್ನ ಭುಜಕ್ಕೆ ಹಣೆ ಒತ್ತಿ ಉಸಿರು ಬಿಡುತ್ತಿದ್ದಳು. ನೋವು ಇಳಿದಾಗ, "ಎಡಕ್ಕೆ ಅಮ್ಮಾ, ಅಲ್ಲಿ ಗುಂಡಿ ಇದೆ," ಅಂತ ದಾರಿ ಹೇಳುತ್ತಿದ್ದಳು. ಎರಡು ಮೈಲಿಗೆ ಒಂದು ಗಂಟೆ ಹಿಡಿಯಿತು.

ದೊಡ್ಡ ರಸ್ತೆಯಲ್ಲಿ ರೇಷ್ಮೆಗೂಡಿನ ಚೀಲ ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವ ಟೆಂಪೊ ಸಿಕ್ಕಿತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಿಂದೆ ಕೂತಿದ್ದ ರೈತರೊಬ್ಬರು ಅವಳನ್ನು ನೋಡಿ ಕೆಳಗೆ ಧುಮುಕಿದರು, ತಮ್ಮ ಚೀಲಗಳನ್ನು ತಾವೇ ಇಳಿಸತೊಡಗಿದರು. ಗೂಡು ಕಾಯುವುದಿಲ್ಲ, ತಡವಾದರೆ ಚಿಟ್ಟೆ ಹೊರಬಂದು ಹಾಳಾಗುತ್ತದೆ, ಹರಾಜು ತಪ್ಪಿದರೆ ಅವರಿಗೆ ಕಷ್ಟ ಅಂತ ನನಗೂ ಗೊತ್ತಿತ್ತು. "ಬೇರೆ ಗಾಡಿ ಸಿಕ್ತದೆ ಬಿಡಮ್ಮ. ಮೊದಲು ಈ ತಾಯಿನ ಮಲಗಿಸಿ," ಅಂದರು. ನನ್ನ ಸೈಕಲ್ಲೂ ಅವರ ಚೀಲಗಳ ಪಕ್ಕದಲ್ಲೇ ರಸ್ತೆಯಲ್ಲಿ ಉಳಿಯಿತು.

ಆಸ್ಪತ್ರೆಯ ಡಾಕ್ಟರಮ್ಮ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ನೀಲಿ ಬಣ್ಣಕ್ಕೆ ತಿರುಗಿತ್ತು. ಬೆನ್ನು ಉಜ್ಜಿ ಉಜ್ಜಿ ಸಾಕಾದ ಮೇಲೆ ಸಣ್ಣಗೆ ಅತ್ತಿತು. ತಾಯಿಗೆ ರಕ್ತ ಬಹಳ ಹೋಗಿತ್ತು, ಆದರೆ ಉಳಿದಳು.

ವರಾಂಡದಲ್ಲಿ ಮುದುಕಿಯ ಪಕ್ಕ ಕೂತೆ. ನನ್ನ ರಿಜಿಸ್ಟರಿನಲ್ಲಿ ಏಳು ಊರಿನ ಪ್ರತಿ ಮನೆಯ ಬಸುರಿಯರ ಹೆಸರಿತ್ತು. ಗುಡಾರಗಳು ಎರಡು ಊರುಗಳ ನಡುವೆ ಇದ್ದವು, ಯಾವ ಊರಿಗೂ ಸೇರಿರಲಿಲ್ಲ. ಅದಕ್ಕೇ ಅವಳು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ಅಜ್ಜಿ?" ಅಂತ ಕೇಳಿದೆ.

"ನೀವು ನಮ್ಮ ಮುಂದೇನೇ ಹೋಗ್ತಿದ್ರಲ್ಲಮ್ಮ. ಕರೆಯೋಣ ಅಂತ ಇವಳು ಎಷ್ಟೋ ಸಲ ಅಂದ್ಲು. ನೀವು ಬೈತೀರ ಅಂತ ನಾನೇ ಸುಮ್ಮನಿರು ಅಂದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಸುತ್ತಿಗೆ ಹಿಡಿದು ಹಿಡಿದು ಅಂಗೈ ಕಲ್ಲಾಗಿತ್ತು.

ಆಮೇಲೆ ಗುಡಾರದ ಹತ್ತಿರ ಇಳಿಯದೆ ಮುಂದೆ ಹೋದದ್ದಿಲ್ಲ. ಮಗುವಿಗೆ ಒಂದೂವರೆ ತಿಂಗಳಿಗೆ ಮೊದಲ ಲಸಿಕೆ ಹಾಕಿದೆ. ಎರಡನೆಯದರ ಹೊತ್ತಿಗೆ ಕೆಲಸ ಮುಗಿದು ಅವರೆಲ್ಲ ಚಿಂತಾಮಣಿ ಕಡೆಗೆ ಹೋಗಿಬಿಟ್ಟಿದ್ದರು. ಅಲ್ಲಿಗೇ ಹೋಗಿ ಲಸಿಕೆ ಹಾಕಿ ಬರಲಾ ಅಂತ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿದೆ. "ಅದು ನಿಮ್ಮ ಏರಿಯಾ ಅಲ್ಲವಲ್ಲಮ್ಮ," ಅಂದರು. ಆದರೂ ಡಬ್ಬಿಗೆ ತಾವೇ ಐಸ್ ತುಂಬಿಸಿ ಕೊಟ್ಟರು.

ಭಾನುವಾರ ಬೆಳಿಗ್ಗೆ ಹೊರಟೆ. ಅಷ್ಟು ದೂರ ನಾನು ಯಾವತ್ತೂ ಸೈಕಲ್ ತುಳಿದಿರಲಿಲ್ಲ. ಟಾರು ಎರಡು ಮೈಲಿ, ಆಮೇಲೆ ಗರಸು, ಆಮೇಲೆ ಬರೀ ಕಲ್ಲು. ಎರಡು ಏರುಗಳಲ್ಲಿ ತಳ್ಳಿದೆ. ರಾಗಿ ಹೊಲ ಉಳುತ್ತಿದ್ದವರನ್ನು, ಕುರಿ ಕಾಯುವವರನ್ನು, ಜಲ್ಲಿ ಒಡೆಯೋರು ಎಲ್ಲಿ ಇಳಿದಿದ್ದಾರೆ ಅಂತ ಕೇಳುತ್ತಾ ಹೋದೆ. ಕೊನೆಗೆ ಹೊಸ ಜಲ್ಲಿ ಗುಡ್ಡೆಗಳೇ ದಾರಿ ತೋರಿಸಿದವು. ಒಂದು ಸಣ್ಣ ನೀರಿನ ಕುಂಟೆಯ ಪಕ್ಕ ಮಗುವಿನ ತಾಯಿ ನನ್ನನ್ನು ದೂರದಿಂದಲೇ ಗುರುತಿಸಿ ಎದ್ದು ನಿಂತಳು.

"ಇಷ್ಟು ದೂರ ತುಳ್ಕೊಂಡು ಬಂದ್ರಾ ಅಮ್ಮಾ?"

ಡಬ್ಬಿ ತೆಗೆದು ನೋಡಿದೆ, ಐಸ್ ಇನ್ನೂ ಇತ್ತು. ಮಗುವಿಗೆ ಹಾಕಿದೆ, ಅಲ್ಲಿದ್ದ ಬೇರೆ ಆರು ಮಕ್ಕಳಿಗೂ ಹಾಕಿದೆ. ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಮೂರನೆಯದನ್ನು ಚಿಂತಾಮಣಿ ಆಸ್ಪತ್ರೆಯಲ್ಲಿ ಹಾಕಿಸಬೇಕು ಅಂತ ಚೀಟಿ ಬರೆದುಕೊಟ್ಟೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವರನ್ನು ಮತ್ತೆ ನೋಡಲಿಲ್ಲ. ಆದರೆ ಮುಂದೆ ಕೋಲಾರದಲ್ಲಿ ಮೀಟಿಂಗಿಗೆ ಹೋದಾಗ ಚಿಂತಾಮಣಿ ಕಡೆಯ ನರ್ಸ್ ಒಬ್ಬಳು ಪಕ್ಕದಲ್ಲಿ ಕೂತಿದ್ದಳು. ನನ್ನ ಕೈಬರಹದ ಚೀಟಿ ಹಿಡಿದುಕೊಂಡು ಒಬ್ಬ ಹುಡುಗಿ ಮೂರು ಮೈಲಿ ನಡೆದು ಬಂದಿದ್ದಳಂತೆ. ಮಗು ದುಂಡುದುಂಡಾಗಿತ್ತಂತೆ. ಸೂಜಿ ಚುಚ್ಚಿದಾಗ ಆಸ್ಪತ್ರೆಯೆಲ್ಲ ಕೇಳುವ ಹಾಗೆ ಅತ್ತಿತಂತೆ.