ಸಿಗ್ನಲ್ ಬಂಡೆಯ ಮೇಲೆ ಮಾತಾಡಿದ ಯಂತ್ರ

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ ನನ್ನನ್ನು ತಮಿಳುನಾಡಿನ ಹೊಸೂರಿಗೆ ಹಾಕಿದರು. ಮನೆ ಅಲ್ಲೇ ಮೂಕಂಡಪಲ್ಲಿಯಲ್ಲಿ, ಕೆಲಸ ತಳಿ ಪಟ್ಟಣದ ಆಚೆಗಿನ ಹಳ್ಳಿಗಳಲ್ಲಿ. ಹುದ್ದೆಯ ಹೆಸರು ದೊಡ್ಡದು: ಫೈನಾನ್ಷಿಯಲ್ ಇನ್‌ಕ್ಲೂಷನ್ ಅಧಿಕಾರಿ. ಬ್ಯಾಂಕಿನ ಮೆಟ್ಟಿಲು ಹತ್ತದವರ ಬಾಗಿಲಿಗೇ ಬ್ಯಾಂಕನ್ನು ಒಯ್ಯುವುದು ಎಂದು ಅದರ ಅರ್ಥ. ನಿಜವಾಗಿ ಒಯ್ಯುತ್ತಿದ್ದವರು ರತ್ನಳಂಥ ಏಜೆಂಟರು. ನಾನು ಜೀಪಿನಲ್ಲಿ ಹೋಗಿ ತಪ್ಪು ಹುಡುಕುತ್ತಿದ್ದೆ, ಅಷ್ಟೆ.

ರತ್ನ ಜವಳಗಿರಿ ಹತ್ತಿರದ ಒಂದು ಸಣ್ಣ ಹಳ್ಳಿಯವಳು, ಮೂವತ್ತು ದಾಟದ ಹೆಣ್ಣುಮಗಳು. ಅವಳ ಬಳಿ ಅಂಗೈಯಗಲದ ಯಂತ್ರವೊಂದಿತ್ತು. ಬಂದವರು ಅದರ ಮೇಲೆ ಬೆರಳಿಟ್ಟರೆ ಅವರ ಖಾತೆ ತೆರೆಯುತ್ತಿತ್ತು, ರತ್ನ ಅಲ್ಲೇ ಹಣ ಕೊಡುತ್ತಿದ್ದಳು. ಎಷ್ಟು ಹಣವೆಂಬುದನ್ನು ಯಂತ್ರ ತಮಿಳಿನಲ್ಲಿ ಗಟ್ಟಿಯಾಗಿ ಹೇಳುತ್ತಿತ್ತು. ಹಿಂದೆ ಬೇರೊಂದು ಊರಿನಲ್ಲಿ ಏಜೆಂಟನೊಬ್ಬ ಓದು ಬಾರದ ಮುದುಕರಿಗೆ ಕಡಿಮೆ ಕೊಟ್ಟು ಸಿಕ್ಕಿಬಿದ್ದಿದ್ದ. ಅಂದಿನಿಂದ ನಾನು ಎಲ್ಲ ಯಂತ್ರಗಳ ದನಿಯನ್ನೂ ಪೂರ್ತಿ ಏರಿಸಿ, ವಾಲ್ಯೂಮ್ ಗುಂಡಿಗೆ ಅಂಟು ಹಾಕಿಸಿದ್ದೆ. ಊರಿಗೆಲ್ಲ ಕೇಳಲಿ ಎಂದು ಮೀಟಿಂಗುಗಳಲ್ಲಿ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಆ ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಊರಾಚೆ, ಕಾಡಿನಂಚಿನ ಒಂದು ಬಂಡೆಯ ಮೇಲೆ ಮಾತ್ರ. ಆದರೂ ನನ್ನ ನಕ್ಷೆಯಲ್ಲಿ ಆ ಹಳ್ಳಿಗೆ ಹಸಿರು ಚುಕ್ಕೆ ಬಿದ್ದಿತ್ತು. ಸೇವೆ ತಲುಪಿದೆ ಎಂಬುದರ ಗುರುತು ಅದು.

ಅಂದು ನಾನು ತಪಾಸಣೆಗೆ ಹೋದಾಗ ಸಂಜೆ ಐದೂವರೆ. ಮಾದೇವಮ್ಮ ಎಂಬ ಅಜ್ಜಿ ಪಿಂಚಣಿಗಾಗಿ ಎರಡನೇ ದಿನವೂ ರತ್ನಳ ಜಗಲಿಗೆ ಬಂದು ಕೂತಿದ್ದರು.

"ನಾಳೆ ಬೆಳಿಗ್ಗೆ ಕೊಡ್ತೀನಿ ಸಾ," ಎಂದಳು ರತ್ನ. "ನಾಕ್ ಗಂಟೆ ಮ್ಯಾಲೆ ಬಂಡೆ ತಾವ ಯಾರೂ ಹೋಗಲ್ಲ. ದೊಡ್ಡೋರು ನೀರಿಗೆ ಇಳಿಯೋ ಹೊತ್ತು."

ಆ ಕಡೆಯ ಜನ ಆನೆಯ ಹೆಸರೆತ್ತುವುದಿಲ್ಲ, ದೊಡ್ಡೋರು ಎನ್ನುತ್ತಾರೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ರೇಗಿದೆ.

"ಹತ್ತು ನಿಮಿಷದ ಕೆಲಸಕ್ಕೆ ನೂರೆಂಟು ನೆಪ ಹೇಳ್ಬೇಡ. ನಡಿಯಮ್ಮ, ನಾನೂ ಬರ್ತೀನಿ."

ಅಧಿಕಾರಿಯ ಮಾತು, ಪಾಪ, ಮೀರುವುದು ಹೇಗೆ? ಮೂವರೂ ಹೋಗಿ ಬಂಡೆ ಹತ್ತಿದೆವು. ಕಳೆ ಕಿತ್ತು ಕಿತ್ತು ಅಜ್ಜಿಯ ಬೆರಳಿನ ಗೆರೆ ಸವೆದಿತ್ತು. ಎರಡು ಸಲ ಯಂತ್ರ ಒಪ್ಪಲಿಲ್ಲ. ಮೂರನೇ ಸಲ ಒಪ್ಪಿ, ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಆಗ ರತ್ನ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಾವು ಹತ್ತಿ ಬಂದ ದಾರಿಯಲ್ಲೇ ಒಂದು ಹೆಣ್ಣಾನೆ ನಿಂತಿತ್ತು. ಪಕ್ಕದಲ್ಲಿ ಮರಿ, ಹಿಂದೆ ಇನ್ನೂ ಮೂರು. ನಡುವೆ ಒಂದು ಬಸ್ಸು ನಿಲ್ಲುವಷ್ಟೂ ಜಾಗವಿರಲಿಲ್ಲ. ಬಂಡೆಯೋ ನನ್ನ ಎದೆಯೆತ್ತರದ್ದು.

ಚಕ್ರ ನಿಂತ ಕೂಡಲೇ ಯಂತ್ರ ಕೂಗುತ್ತದೆ. ಆರಿಸಲು ಹೋದರೆ ಅದೊಂದು ರಾಗ ಹಾಡಿಯೇ ಆರುತ್ತದೆ. ದನಿ ತಗ್ಗಿಸೋಣವೆಂದರೆ ಗುಂಡಿಗೆ ನಾನೇ ಹಾಕಿಸಿದ ಅಂಟು. ರತ್ನ ಕಣ್ಣಲ್ಲೇ ಏನು ಮಾಡಲಿ ಎಂದು ಕೇಳಿದಳು. ನನ್ನ ಪ್ಯಾಂಟು ಒದ್ದೆಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಅಜ್ಜಿ ಯಾರನ್ನೂ ಕೇಳಲಿಲ್ಲ. ರತ್ನಳ ಕೈಯಿಂದ ಯಂತ್ರ ತೆಗೆದುಕೊಂಡು ಹೊಟ್ಟೆಗೆ ಅವುಚಿ, ಸೆರಗು ಸುತ್ತಿ, ಮಂಡಿಯ ಮೇಲೆ ತಲೆಯಿಟ್ಟು ಮುದುಡಿ ಕೂತರು. ಯಂತ್ರ ಒಳಗೇ ಗೊಣಗಿತು. ಆನೆಯ ಕಿವಿ ಅಗಲವಾಯಿತು, ಸೊಂಡಿಲು ನಮ್ಮತ್ತ ಎದ್ದಿತು. ನಾನು ಕಣ್ಣು ಮುಚ್ಚಿದೆ. ದೇವರನ್ನು ನೆನೆಯೋಣವೆಂದರೆ ಒಂದು ಹೆಸರೂ ನೆನಪಾಗಲಿಲ್ಲ.

ಮರಿಗೆ ನೀರಿನ ಆತುರವಿತ್ತೋ ಏನೋ, ಅದು ಬಂಡೆಯಾಚೆಯ ನೀರಿನ ಹೊಂಡದತ್ತ ಓಡಿತು. ತಾಯಿ ಹಿಂದೆ ಹೋಯಿತು, ಉಳಿದವೂ ಹೋದವು.

ಊರು ಸೇರಿದ ಮೇಲೆ ರತ್ನ ಜಗಲಿಯ ಮೇಲೆ ಕುಸಿದು ಅತ್ತಳು. "ನನ್ ಮಗೀಗೆ ಇನ್ನೂ ಎರಡೊರ್ಷ ಸಾ," ಎಂದಳು.

ನಾನು ಅಜ್ಜಿಯ ಮುಂದೆ ಕೈಮುಗಿದು ತಪ್ಪಾಯಿತೆಂದೆ.

"ಜೋರಾಗಿ ಕೂಗ್ಲಿ ಅಂದೋರು ನೀವೇ ಅಂತಲ್ಲಪ್ಪ?"

"ಹೂಂ ಅಜ್ಜಿ."

"ಕೇಳುಸ್ತು ಬುಡಿ. ಹೊಟ್ಟೆವೊಳ್ಗೇ ಕೇಳುಸ್ತು."

ಮರುದಿನ ಗುಂಡಿಗಳ ಅಂಟು ತೆಗೆಸಿದೆ. ಬಂಡೆಯ ಬಳಿ ನಾಲ್ಕು ಗಂಟೆಯ ಮೇಲೆ ಕೆಲಸ ಬೇಡವೆಂದು ಬರೆದು ಸಹಿ ಹಾಕಿದೆ. ಊರೊಳಗೇ ಸಿಗ್ನಲ್ ಸಿಗುವಂತೆ ಶಾಲೆಯ ಮೇಲೆ ಆಂಟೆನಾ ಏರುವವರೆಗೆ ನಕ್ಷೆಯ ಆ ಹಸಿರು ಚುಕ್ಕೆಯನ್ನೂ ಅಳಿಸಿದೆ. ಮೇಲಿನವರು ಕಾರಣ ಕೇಳಿದರು, ಬೈದರು, ಬೈಸಿಕೊಂಡೆ. ಹಳ್ಳಿಯವರು ಬೇಡ ಎಂದರೆ ಸೋಮಾರಿತನ ಎಂದುಕೊಂಡು ನೌಕರಿ ಮುಗಿಸುವವನಿದ್ದೆ ನಾನು. ಬೆರಳಿಡುವವರು ಎಲ್ಲಿ ನಿಂತು ಇಡುತ್ತಾರೆ ಎಂದು ಮೊದಲು ನೋಡಬೇಕು ಎಂಬುದನ್ನು ಆ ಬಂಡೆ ಕಲಿಸಿತು.

ಈಗ ಹೊಸೂರಿನ ಪಕ್ಕದ ಜೂಜುವಾಡಿಯ ಟೀ ಅಂಗಡಿಯಲ್ಲೂ ದುಡ್ಡು ಬಂತೆಂದು ಕೂಗುವ ಡಬ್ಬಿಯಿದೆ. ಅದು ಬಾಯಿ ತೆರೆದಾಗಲೆಲ್ಲ ನಾನು ಟೀ ಲೋಟ ಕೆಳಗಿಟ್ಟು ಹಿಂದಕ್ಕೆ ತಿರುಗಿ ನೋಡುತ್ತೇನೆ.