ಎರಡು ಬೆರಳಿನ ಬಿಗಿ

ಕುದುರೆ ಹತ್ತಿಸುವುದು ಕಷ್ಟದ ಕೆಲಸವಲ್ಲ, ಹತ್ತಿದವರ ಪ್ರಶ್ನೆಗಳಿಗೆ ಉತ್ತರ ಹೇಳುವುದೇ ಕಷ್ಟ ಎಂದು ಮೂವತ್ತೊಂದು ವರ್ಷ ಕುದುರೆ ನಡೆಸಿದ ಬಿಗಿಯಣ್ಣ ಹೇಳುತ್ತಿದ್ದ. ಅದರಲ್ಲಿ ಸುಳ್ಳೇನೂ ಇಲ್ಲ. ಆ ದಿನವೇ ನೋಡಿ, ಲಾಯದ ಅಂಗಳ ದಾಟುವ ಮೊದಲೇ ಬ್ಯಾಂಕಿನ ಮೇಡಂ ಹನ್ನೊಂದು ಪ್ರಶ್ನೆ ಕೇಳಿ ಮುಗಿಸಿದ್ದರು. ಇದು ಕಚ್ಚುತ್ತದೆಯೇ, ಒದೆಯುತ್ತದೆಯೇ, ನಿಲ್ಲಿಸಲು ಬ್ರೇಕಿನಂಥದ್ದು ಏನಾದರೂ ಇದೆಯೇ, ನನ್ನನ್ನು ಯಾಕೆ ಹೀಗೆ ದುರುಗುಟ್ಟಿ ನೋಡುತ್ತಿದೆ. ಕೊನೆಯದಕ್ಕೆ ಅವನು ಏನೆಂದು ಹೇಳಬೇಕು? ಅದಕ್ಕೆ ಕಣ್ಣಿದೆ ತಾಯಿ, ನೋಡುತ್ತದೆ ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡ.

ಇಷ್ಟಕ್ಕೆಲ್ಲ ಕಾರಣ ಮಗಳು. ಲಾಯಕ್ಕೆ ಅಂಟಿಕೊಂಡ ಆಫೀಸು ಕೋಣೆಯ ಬಾಗಿಲಿಗೆ ಅವಳು ಒಂದು ಪೋಸ್ಟರ್ ಅಂಟಿಸಿದ್ದಳು: ಕುದುರೆಯ ಮೇಲೆ ಮೂರು ದಿನ, ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಡೇರೆ ವಾಸ, ಹೊಸಬರಿಗೂ ಸುಲಭ. ಆ 'ಹೊಸಬರಿಗೂ ಸುಲಭ' ಎನ್ನುವ ಎರಡು ಪದ ಕಂಡರೆ ಬಿಗಿಯಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ಸುಲಭ ಯಾರಿಗೆ? ಬರೆದವಳಿಗೆ ಸುಲಭ. ಹಿಂದೆಲ್ಲ ಅವನು ಕುರಿಗಾಹಿಗಳಿಗೆ ಉಪ್ಪು, ಹಿಟ್ಟು, ಸೀಮೆಎಣ್ಣೆ ಹೇರಿಕೊಂಡು ಆ ಹುಲ್ಲುಗಾವಲುಗಳಿಗೆ ಹೋಗುತ್ತಿದ್ದವನು. ಉಪ್ಪಿನ ಮೂಟೆ ಒಂದು ದಿನವಾದರೂ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ.

ಬಿಗಿಯಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಸುಬು ಕೊಟ್ಟದ್ದು. ಜೀನು ಕಟ್ಟುವಾಗ ಕುದುರೆಗಳು ಒಂದು ಕಳ್ಳಾಟ ಆಡುತ್ತವೆ. ಹೊಟ್ಟೆಪಟ್ಟಿ ಎಳೆಯುವ ಹೊತ್ತಿಗೆ ಸರಿಯಾಗಿ ಉಸಿರು ಹಿಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಕಟ್ಟಿದವನು ಅತ್ತ ತಿರುಗಿದ ಮೇಲೆ ಉಸಿರು ಬಿಟ್ಟು ಹಾಯಾಗಿ ನಿಲ್ಲುತ್ತವೆ. ಪಟ್ಟಿ ಸಡಿಲ, ಮೇಲೆ ಕೂತವನ ಗತಿ ದೇವರಿಗೇ ಗೊತ್ತು. ಅದಕ್ಕೇ ಹೊರಟು ಕಾಲು ಗಂಟೆಯಾಗುತ್ತಲೇ ಎಲ್ಲರನ್ನೂ ಇಳಿಸಿ, ಪ್ರತಿ ಕುದುರೆಯ ಪಟ್ಟಿಗೂ ಹೊಟ್ಟೆಗೂ ನಡುವೆ ಎರಡು ಬೆರಳು ತೂರಿಸಿ ನೋಡುವುದು ಅವನ ಪದ್ಧತಿ. ಬೆರಳು ಒತ್ತಿಕೊಂಡು ಹೋದರೆ ಸರಿ, ಸರಾಗವಾಗಿ ಹೋದರೆ ಇನ್ನೊಂದು ತೂತು ಬಿಗಿ. ಬೆಟ್ಟದ ಕುದುರೆಯ ಮೈಮೇಲೆ ದಟ್ಟ ರೋಮ. ಅದರೊಳಗೆ ಹುದುಗಿದ ಪಟ್ಟಿ ಕಣ್ಣಿಗೆ ಯಾವಾಗಲೂ ಬಿಗಿಯಾಗಿಯೇ ಕಾಣುತ್ತದೆ. ಗೊತ್ತಾಗುವುದು ಬೆರಳಿಗೆ ಮಾತ್ರ.

ಆ ಬೆರಳುಗಳಿಗೇ ಹೋದ ಚಳಿಗಾಲದಿಂದ ಜೋಮು ಹಿಡಿದಿತ್ತು. ಎರಡೂ ಕೈಗೆ. ಮೊದಮೊದಲು ಚಳಿಯ ಪ್ರತಾಪ ಎಂದುಕೊಂಡ. ಚಳಿ ಹೋಯಿತು, ಜೋಮು ಹೋಗಲಿಲ್ಲ. ಬಿಸಿ ಲೋಟ ಹಿಡಿದರೆ ಬಿಸಿ ಗೊತ್ತಾಗುತ್ತಿರಲಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಕೆಳಗೆ ನೋಡಬೇಕಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಬೆರಳಿಗೆ ಗೊತ್ತಾಗದಿದ್ದರೆ ಮಣಿಕಟ್ಟಿಗೆ ಗೊತ್ತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹೇಳದಿರಲು ಕಾರಣವಿತ್ತು. ಅವನಿಗೆ ಅರವತ್ತನಾಲ್ಕು ವರ್ಷ ತುಂಬಿದ ದಿನ ಮಗಳು ಎದುರಿಗೆ ಕೂತು ಒಂದು ಕರಾರು ಹಾಕಿದ್ದಳು.

"ನೋಡಪ್ಪ, ನಾನಾಗಿ ನಿನ್ನ ತಡೆಯಲ್ಲ. ಆದ್ರೆ ಒಂದೇ ಒಂದು ಸಲ ನೀನು ಬಿದ್ದೆ ಅಂತ ಕಿವಿಗೆ ಬಿದ್ರೆ ಸಾಕು, ಮಾರನೇ ದಿನದಿಂದ ಆಫೀಸು. ಫೋನ್ ಎತ್ತೋದು ನಿನ್ನ ಕೆಲಸ."

ಆಫೀಸು ಎಂದರೆ ಒಂದು ಮೇಜು, ಒಂದು ಕುರ್ಚಿ, ಪಕ್ಕದ ಗೋದಾಮಿನ ಗೋಡೆ ಕಾಣುವ ಒಂದು ಕಿಟಕಿ. ಮತ್ತು ದಿನವಿಡೀ ಬಡಿದುಕೊಳ್ಳುವ ಫೋನು, ಅದರೊಳಗೆ ಊರೂರಿನ ಹೊಸಬರು. ಬಿಗಿಯಣ್ಣ ವರ್ಷದ ಆರು ತಿಂಗಳು ಮೋಡಕ್ಕಿಂತ ಮೇಲೆ ಮಲಗಿ ಎದ್ದವನು. ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ಒಂದೇ ಸಲ ಪ್ರಾಣ ಹೋದರೆ ವಾಸಿ ಎಂದು ಅವನು ತಮಾಷೆಗೆ ಹೇಳುತ್ತಿರಲಿಲ್ಲ.

ಇರಲಿ. ಆ ಸಲದ ತಂಡದಲ್ಲಿ ನಾಲ್ಕು ಜನ. ಬ್ಯಾಂಕಿನ ಮೇಡಂ, ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ, ರಿಟೈರಾದ ಒಬ್ಬ ಲೆಕ್ಕದ ಮೇಷ್ಟ್ರು. ಮಗಳು ಬೆಳಿಗ್ಗೆಯೇ ಡೇರೆ ಹೊತ್ತ ಕುದುರೆಯನ್ನು ಹಿಡಿದುಕೊಂಡು ಮುಂದೆ ಹೋಗಿ ಬಿಡಾರ ಹೂಡುತ್ತಾಳೆ, ಇವನು ಜನರನ್ನು ಕರೆದುಕೊಂಡು ನಿಧಾನವಾಗಿ ಹಿಂದೆ ಬರುತ್ತಾನೆ. ಇದು ಅವರ ಏರ್ಪಾಡು. ಅಂದರೆ ಪ್ರಶ್ನೆಗಳೆಲ್ಲ ಇವನ ಪಾಲಿಗೆ. ಮೇಷ್ಟ್ರು ಕುದುರೆಯ ಹೆಜ್ಜೆ ಎಣಿಸುತ್ತ ಬಂದು, ನಾಲ್ಕು ಕಾಲು ಇರುವುದರಿಂದ ನಾಲ್ಕರಿಂದ ಭಾಗಿಸಬೇಕೋ ಬೇಡವೋ ಎಂದು ಕೇಳಿದರು. ಡಾಕ್ಟರು ಕುದುರೆಯ ಬಾಯಿ ತೆರೆಸಿ ನೋಡಲು ಹೋಗಿ ಟೋಪಿ ಕಚ್ಚಿಸಿಕೊಂಡರು. ಅವರ ಹೆಂಡತಿ ಹತ್ತು ಹೆಜ್ಜೆಗೊಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಪ್ರತಿ ಫೋಟೋದಲ್ಲೂ ಕುದುರೆ ಕಣ್ಣು ಮುಚ್ಚಿದೆ ಎಂದು ಇನ್ನೊಂದು. ಮೇಡಂ ಅಂತೂ ಮೊದಲ ದಿನವಿಡೀ ಒಂದೇ ರಾಗ: ಜೀನು ಅಲ್ಲಾಡುತ್ತಿದೆ, ಜೀನು ಅಲ್ಲಾಡುತ್ತಿದೆ. ಬಿಗಿಯಣ್ಣ ಮೂರು ಸಲ ಇಳಿದು, ಬೆರಳು ತೂರಿಸಿ ನೋಡಿ, ಸರಿಯಾಗಿದೆ ಎಂದ. ನಾಲ್ಕನೇ ಸಲ ಸಹನೆ ಮೀರಿ, ಅಲ್ಲಾಡುತ್ತಿರುವುದು ಜೀನಲ್ಲ ಮೇಡಂ, ನಿಮ್ಮ ಧೈರ್ಯ ಎಂದುಬಿಟ್ಟ. ಪಾಪ, ಆಮೇಲೆ ಆಕೆ ಆ ಮಾತು ಎತ್ತಲಿಲ್ಲ. ಎರಡೂ ಕೈಯಿಂದ ಕುದುರೆಯ ಜೂಲು ಹಿಡಿದುಕೊಂಡು ಬಂದರು.

ಎರಡನೇ ದಿನ ಮಧ್ಯಾಹ್ನ ದೊಡ್ಡ ಹುಲ್ಲುಗಾವಲು ತಲುಪಿದರು. ಅಂಗೈಯಷ್ಟು ಸಪಾಟಾದ ಜಾಗ, ಮೊಣಕಾಲುದ್ದದ ಹುಲ್ಲು, ನಡುವೆ ಒಂದು ತೊರೆ. ಅಲ್ಲಿ ಬೀಳುವುದಕ್ಕೆ ಮನಸ್ಸು ಮಾಡಿ ಪ್ರಯತ್ನಪಟ್ಟರೂ ಆಗುವುದಿಲ್ಲ. ಹಾಗೆಂದು ಬಿಗಿಯಣ್ಣನೇ ಹೇಳುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ತಾನು ಒಮ್ಮೆಯೂ ಕೆಳಗೆ ಬಿದ್ದಿಲ್ಲ ಎನ್ನುವ ಪುರಾಣವನ್ನು ಅವನು ಅಲ್ಲೇ, ಆ ತೊರೆಯ ಪಕ್ಕದಲ್ಲೇ ಬಿಚ್ಚುವುದು. ಅಷ್ಟರಲ್ಲಿ ಮೇಡಂ ಅವರ ಹ್ಯಾಟು ಗಾಳಿಗೆ ಹಾರಿ ಬಿತ್ತು. ಇದೊಂದು ಬಾಕಿ ಇತ್ತು ಎಂದು ಗೊಣಗಿಕೊಂಡು, ಇಳಿಯುವ ಶ್ರಮ ಯಾಕೆಂದು ಅವನು ಕೂತಲ್ಲಿಂದಲೇ ಪಕ್ಕಕ್ಕೆ ಬಾಗಿ ಕೈ ಚಾಚಿದ. ಜೀನೂ ಅವನ ಜೊತೆ ಬಾಗಿತು. ಬಾಗಿದ್ದು ನಿಲ್ಲಲೇ ಇಲ್ಲ. ಕುದುರೆಯ ಬೆನ್ನಿನಿಂದ ಪಕ್ಕೆಗೆ, ಪಕ್ಕೆಯಿಂದ ಹೊಟ್ಟೆಯ ಕೆಳಗೆ ಜಾರಿತು. ಬಿಗಿಯಣ್ಣ ದೊಪ್ಪನೆ ಬೆನ್ನು ಕೆಳಗಾಗಿ ಬಿದ್ದ. ಕುದುರೆ ನಿಂತಲ್ಲೇ ನಿಂತು ಹುಲ್ಲು ಮೇಯುತ್ತಿತ್ತು, ತಲೆ ಎತ್ತಿ ನೋಡಲೂ ಇಲ್ಲ.

ಪೆಟ್ಟೇನೂ ಆಗಲಿಲ್ಲ. ಆದರೆ ಮಾನ ಹೋಯಿತಲ್ಲ. ಹೊಸಬರು ನಾಲ್ವರೂ ಕುದುರೆಗಳ ಮೇಲೆ ನೆಟ್ಟಗೆ ಕೂತಿದ್ದಾರೆ, ಕಲಿಸುವವನು ಹುಲ್ಲಿನಲ್ಲಿ ಅಂಗಾತ ಮಲಗಿದ್ದಾನೆ. ಡಾಕ್ಟರು ಇಳಿದು ಬಂದು, ಸೊಂಟ ನೋಡುವುದನ್ನು ಬಿಟ್ಟು ಬಾಯಿ ತೆರೆಯಿರಿ ಎಂದರು. ಬಿಗಿಯಣ್ಣ ಎದ್ದು, ಮೈ ಕೊಡವಿಕೊಂಡು, ಜೀವನದಲ್ಲೇ ಮೊದಲ ಸಲ ಗಿರಾಕಿಗಳ ಮುಂದೆ ಕೈ ಜೋಡಿಸಿದ. ಮಗಳಿಗೆ ಮಾತ್ರ ಹೇಳಬೇಡಿ ಎಂದ. ಕರಾರಿನ ವಿಷಯ ಹೇಳಿದ, ಆಫೀಸು, ಫೋನು, ಗೋದಾಮಿನ ಗೋಡೆ, ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಮೇಡಂ ಅವರ ಕಣ್ಣು ತುಂಬಿ ಬಂತು. ನಾಲ್ವರೂ ಆಣೆ ಮಾಡಿದರು.

ಆಣೆ ಮಾಡಿದವರು ತೆಪ್ಪಗಾದರೂ ಇರಬಾರದೇ? ಹುಲ್ಲುಗಾವಲಿನ ಆಚೆ ತುದಿಯ ಬಿಡಾರ ತಲುಪಿದಾಗ ಮಗಳು ಒಲೆ ಹಚ್ಚುತ್ತ, ಪ್ರಯಾಣ ಹೇಗಿತ್ತು ಎಂದು ಲೋಕಾಭಿರಾಮವಾಗಿ ಕೇಳಿದಳು. ಡಾಕ್ಟರ ಹೆಂಡತಿ, ತುಂಬಾ ಚೆನ್ನಾಗಿತ್ತು, ಯಾರೂ ಬೀಳಲಿಲ್ಲ ಎಂದರು. ಯಾರಾದರೂ ಬಿದ್ದರೇ ಎಂದು ಕೇಳಿದವರು ಯಾರಮ್ಮ? ಹಾಗೆಂದು ಬಿಗಿಯಣ್ಣ ಮನಸ್ಸಿನಲ್ಲೇ ಹಲ್ಲು ಕಡಿದ. ಮೇಷ್ಟ್ರು ಅದಕ್ಕೆ ಒತ್ತುಕೊಟ್ಟು, ಅದರಲ್ಲೂ ತೊರೆಯ ಹತ್ತಿರ ಒಬ್ಬರೂ ಬೀಳಲಿಲ್ಲ ಎಂದರು. ಡಾಕ್ಟರು ಕೆಮ್ಮಿದರು. ಮೇಡಂ ಅವನ ಅಂಗಿಯ ಬೆನ್ನಿಗೆ ಅಂಟಿದ್ದ ಹಸಿರು ಕಲೆಯನ್ನು ಮರೆಮಾಡಲು ಸಂಜೆಯಿಡೀ ಅವನ ಹಿಂದೆ ಹಿಂದೆಯೇ ನಿಂತರು. ಇಂಥವರನ್ನು ನಂಬಿ ಬ್ಯಾಂಕು ಹೇಗೆ ನಡೆಯುತ್ತದೋ ಎಂದು ಅವನಿಗೆ ತಲೆ ಚಿಟ್ಟು ಹಿಡಿದು ಹೋಯಿತು. ಮಗಳು ಅಪ್ಪನ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿದಳು. ಅಂತೂ ದಾಟಿತು ಎಂದು ಬಿಗಿಯಣ್ಣ ಉಸಿರು ಬಿಟ್ಟ.

ಮೂರನೇ ದಿನ ಇಳಿಯುವ ದಿನ. ಹುಲ್ಲುಗಾವಲಿನ ಅಂಚಿನಿಂದ ದಾರಿ ಒಮ್ಮೆಲೇ ಕೆಳಗೆ ಧುಮುಕುತ್ತದೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ, ದೂರ ಕೆಳಗೆ ನದಿಯ ಸದ್ದು. ಅಲ್ಲಿ ಜೀನು ಮುಂದಕ್ಕೆ ಜಾರಿದರೆ ಹುಲ್ಲಿನ ಮೇಲೆ ಬೀಳುವ ಮಾತಿಲ್ಲ. ಮಗಳು ಡೇರೆ ಮಡಿಸುತ್ತಿದ್ದಳು. ಇಳಿಜಾರಿನ ದಿನವೆಂದು ಇವನು ಹೊರಡುವ ಮೊದಲೇ, ಎಲ್ಲರನ್ನೂ ಹತ್ತಿಸಿ, ಪಟ್ಟಿ ನೋಡಲು ಶುರುಮಾಡಿದ. ಮೇಷ್ಟ್ರದು ನೋಡಿದ, ಡಾಕ್ಟರದು ನೋಡಿದ, ಅವರ ಹೆಂಡತಿಯದು ನೋಡಿದ. ಕೊನೆಗೆ ಮೇಡಂ ಅವರ ಕುದುರೆಯ ಹತ್ತಿರ ಬಂದ. ಮತ್ತೆ ಹನ್ನೊಂದು ಪ್ರಶ್ನೆ ಬರುತ್ತದೆ ಎಂದು ಮುಖ ಗಂಟಿಕ್ಕಿಕೊಂಡೇ ಬಂದ. ಆಕೆ ಒಂದನ್ನೂ ಕೇಳಲಿಲ್ಲ. ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದರು:

"ಅಣ್ಣಾ, ನಿನ್ನೆ ನೀವು ಬಿದ್ದಿದ್ದು ನೋಡಿ ನಂಗೆ ಇನ್ನೂ ಹೆದರಿಕೆ ಆಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ. ನಮ್ಮದೆಲ್ಲ ನೋಡೋ ಗಡಿಬಿಡೀಲಿ ನೀವು ನಿಮ್ಮದು ನೋಡ್ಕೊಳ್ಳೋದು ಮರೆತ್ರಿ, ಅಷ್ಟೇ ತಾನೆ? ನೀವು ಕೈಯಿಟ್ಟು ನೋಡಿದ್ರೆ ಸಾಕು, ನಾನು ಕಣ್ಮುಚ್ಚಿಕೊಂಡು ಕೂತ್ಕೋತೀನಿ."

ಬಿಗಿಯಣ್ಣನ ಕೈ ಪಟ್ಟಿಯೊಳಗೇ ನಿಂತಿತು. ತನ್ನದನ್ನು ಅವನು ಮರೆತಿರಲಿಲ್ಲ. ನಿನ್ನೆ ಬೆಳಿಗ್ಗೆ ಉಳಿದವರದನ್ನು ಹೇಗೆ ನೋಡಿದ್ದನೋ ಹಾಗೆಯೇ ತನ್ನದನ್ನೂ ನೋಡಿದ್ದ. ಅದೇ ಬೆರಳು, ಅಷ್ಟೇ ಆಳ. ಸರಿಯಾಗಿದೆ ಎಂದುಕೊಂಡೇ ಹತ್ತಿದ್ದ. ಈಗ ಮೇಡಂ ಅವರ ಪಟ್ಟಿಯೊಳಗೂ ಬೆರಳಿದೆ. ಒತ್ತುತ್ತಿದೆಯೋ, ಸಡಿಲವೋ? ಕಣ್ಣು ಮುಚ್ಚಿ ನೋಡಿದ, ಉಸಿರು ಹಿಡಿದು ನೋಡಿದ, ಎಡಗೈ ಹಾಕಿ ನೋಡಿದ. ಏನೂ ತಿಳಿಯಲಿಲ್ಲ. ಥೂ ದರಿದ್ರ ಬೆರಳುಗಳೇ ಎಂದು ಬೈದುಕೊಂಡ. ಈ ಹೆಂಗಸಾದರೂ ಇವತ್ತೊಂದು ದಿನ ಪ್ರಶ್ನೆ ಕೇಳಬಾರದಿತ್ತೇ, ರೇಗಿಕೊಂಡು ಸರಿಯಾಗಿದೆ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಹೀಗೆ ನಂಬಿಕೊಂಡು ಕೂತರೆ ಮನುಷ್ಯ ಏನು ಮಾಡಬೇಕು?

ಆಮೇಲೆ ಕೈ ಹೊರಗೆ ತೆಗೆದು ಮಗಳನ್ನು ಕೂಗಿ ಕರೆದ.

ಅವಳು ಹಗ್ಗ ಬಿಟ್ಟು ಬಂದಳು. ಇದೊಂದು ನೋಡು ಎಂದ. ಅವಳು ಅಚ್ಚರಿಯಿಂದಲೇ ಎರಡು ಬೆರಳು ತೂರಿಸಿದಳು. ನಾಲ್ಕೂ ಬೆರಳು ಹೋದವು, ಅಂಗೈ ಹೋಯಿತು. ಮೇಡಂ ಅವರನ್ನು ಮೆಲ್ಲಗೆ ಕೈಹಿಡಿದು ಇಳಿಸಿ, ಅಪ್ಪನನ್ನು ನಾಲ್ಕು ಹೆಜ್ಜೆ ಆಚೆಗೆ ಕರೆದುಕೊಂಡು ಹೋದಳು.

"ಇದನ್ನ ನೀನು ನೋಡಿದ್ಯಾ ಅಪ್ಪ?"

"ನೋಡ್ದೆ. ಗೊತ್ತಾಗ್ಲಿಲ್ಲ. ಬೆರಳು ಸತ್ತು ಹೋಗಿವೆ ಕಣೇ. ನಿನ್ನೆ ನಾನು ಬಿದ್ದೆ. ಇನ್ನು ಮುಂದೆ ನೀನೇ ಇವರನ್ನ ಕರ್ಕೊಂಡು ಹೋಗು, ಫೋನೋ ಗೀನೋ ಏನು ಹೇಳ್ತೀಯೋ ಅದು ಮಾಡ್ತೀನಿ."

ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಅವನಿಗೂ ತಿರುಗಿ ರೇಗಲು ಬರುತ್ತಿತ್ತು, ಎದೆ ಹಗುರವಾಗುತ್ತಿತ್ತು. ಅವನು ಬಿದ್ದ ವಿಷಯವನ್ನು ಅವಳು ಎತ್ತಲೇ ಇಲ್ಲ, ಕರಾರಿನ ವಿಷಯವನ್ನೂ ಎತ್ತಲಿಲ್ಲ. ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಬೆರಳ ತುದಿಯನ್ನು ಉಗುರಿನಿಂದ ಒತ್ತಿದಳು. ಅವನು ಕೈ ಎಳೆದುಕೊಳ್ಳಲಿಲ್ಲ. ಯಾವಾಗಿನಿಂದ ಎಂದು ಕೇಳಿದಳು. ಚಳಿಗಾಲದಿಂದ ಎಂದ.

"ಈ ವರ್ಷ ಇದು ನಾಲ್ಕನೇ ತಂಡ," ಎಂದಳು ಮಗಳು. "ಅಷ್ಟೂ ಜನರ ಪಟ್ಟಿ ನೋಡಿದ್ದು ಈ ಬೆರಳೇನಾ?"

ಬಿಗಿಯಣ್ಣನಿಗೆ ಅಲ್ಲಿಯವರೆಗೆ ಆ ಯೋಚನೆಯೇ ಬಂದಿರಲಿಲ್ಲ. ತಾನು ಬಿದ್ದದ್ದು, ತನ್ನ ಮಾನ, ತನ್ನ ಬೆಟ್ಟ, ಇಷ್ಟರಲ್ಲೇ ಮುಳುಗಿದ್ದ. ಎರಡನೇ ತಂಡದಲ್ಲಿ ಅಪ್ಪ ಅಮ್ಮನ ಜೊತೆ ಆರು ವರ್ಷದ ಒಂದು ಹುಡುಗಿ ಬಂದಿದ್ದಳು. ಇದೇ ಇಳಿಜಾರಿನಲ್ಲಿ, ಇದೇ ಕುದುರೆಯ ಮೇಲೆ, ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟುತ್ತ ಇಳಿದಿದ್ದಳು. ಎಷ್ಟು ಧೈರ್ಯ ನೋಡಿ ಈ ಮಗುವಿಗೆ ಎಂದು ಅವನೇ ಎಲ್ಲರಿಗೂ ತೋರಿಸಿ ನಕ್ಕಿದ್ದ.

ಅವನು ಹುಲ್ಲಿನ ಮೇಲೆ ಕೂತ. ಮೇಡಂ ನೀರಿನ ಬಾಟಲಿ ತಂದು ಅವನ ಪಕ್ಕ ಇಟ್ಟರು. ಮಗಳು ಉಳಿದವರಿಗೂ ಕುದುರೆಯಿಂದ ಇಳಿಯಲು ಹೇಳಿ, ಮೇಷ್ಟ್ರ ಕುದುರೆಯ ಹೊಟ್ಟೆಪಟ್ಟಿಯೊಳಗೆ ಬೆರಳು ಹಾಕಿದಳು. ಅದೂ ಸಡಿಲವಾಗಿತ್ತು.